ಕಣ್ಣಿನೊಳಗಿನ ಕತ್ತರಿ

ಭಾನುವಾರ, ಮಧ್ಯಾಹ್ನ

ಅಪ್ಪನಿಗೆ ನಮಸ್ಕಾರ.

ನೀವು ಕಳಿಸಿದ ಕನ್ನಡಕ ನಿನ್ನೆ ಕೈಸೇರಿತು. ಫ್ರೇಮು ಹಗುರವಾಗಿದೆ, ಬಣ್ಣವೂ ಚೆನ್ನಾಗಿದೆ. ಡಬ್ಬಿಯೊಳಗೆ ಒಂದು ಸಾಲು ಬರೆದು ಇಟ್ಟಿರಬಹುದೆಂದು ಹುಡುಕಿದೆ. ಗಾಜು ಒರೆಸುವ ಬಟ್ಟೆ ಮಾತ್ರ ಇತ್ತು. ಮಗಳು ಫೋನು ಮಾಡಿ ‘ನನ್ನ ಕಣ್ಣಿಗೆ ರೋಗ ಇದೆಯಂತೆ’ ಎಂದರೆ ಉತ್ತರವಾಗಿ ಹೊಸ ಕನ್ನಡಕ ಕಳಿಸುವ ಅಪ್ಪ ನೀವೊಬ್ಬರೇ ಇರಬೇಕು.

‘ಇಲ್ಲಿ ನಾನು ಕ್ಷೇಮ’ ಎಂದು ಶುರು ಮಾಡಲು ಕೈ ಬರಲಿಲ್ಲ, ಬಿಟ್ಟಿದ್ದೇನೆ. ಫೋನಿನಲ್ಲೇ ಹೇಳಬಹುದಿತ್ತು. ಆದರೆ ಹೋದ ಸಲ ನಾನು ವಿಷಯ ಎತ್ತಿದ ಕೂಡಲೇ ನೀವು, “ಅಂಗಡೀಲಿ ಗಿರಾಕಿ ಇದಾರೆ, ಆಮೇಲೆ ಮಾತಾಡ್ತೀನಿ” ಎಂದು ಇಟ್ಟುಬಿಟ್ಟಿರಿ. ಅವತ್ತು ಅಂಗಡಿಗೆ ವಾರದ ರಜೆ. ನಿಮ್ಮ ಹಿಂದೆ ಅಮ್ಮ ಮಿಕ್ಸಿ ತಿರುಗಿಸುತ್ತಿದ್ದ ಸದ್ದು ನನಗೆ ಚೆನ್ನಾಗಿಯೇ ಕೇಳಿಸುತ್ತಿತ್ತು. ಪತ್ರಕ್ಕಾದರೆ ಗಿರಾಕಿ ಅಡ್ಡ ಬರುವುದಿಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ, ಓದಿ.

ಲೇಸರ್ ಮಾಡಿಸಿಕೊಳ್ಳಬೇಕೆಂದು ನಾನು ತೀರ್ಮಾನಿಸಿದ್ದು ಶೋಕಿಗಲ್ಲ. ಬೇಕರಿಯಲ್ಲಿ ಒಲೆಯ ಬಾಗಿಲು ತೆಗೆದರೆ ಮೊದಲು ಹಬೆ ಬಂದು ಕೂರುವುದು ನನ್ನ ಕನ್ನಡಕದ ಮೇಲೆ. ಹಿಟ್ಟಿನ ಕೈಯಲ್ಲಿ ಒರೆಸುವ ಹಾಗಿಲ್ಲ. ಒಂದೆರಡು ಉಸಿರಿನಷ್ಟು ಹೊತ್ತು ಕುರುಡಿಯ ಹಾಗೆ ನಿಂತು, ಆಮೇಲೆ ತಟ್ಟೆ ಎಳೆಯಬೇಕು. ನಮ್ಮ ಮೇಸ್ತ್ರಿ, “ಏ ಸೋಡಾಬುಡ್ಡಿ, ಅದಕ್ಕೊಂದು ವೈಪರ್ ಹಾಕಿಸ್ಕೊಳ್ಳೇ, ಬಸ್ಸಿಗೆ ಹಾಕಿಸ್ತಾರಲ್ಲ” ಎನ್ನುತ್ತಾನೆ. ನಾನೂ ನಗುತ್ತಿದ್ದೆ. ಮಳೆಗಾಲದ ಶುರುವಿನಲ್ಲಿ ಒಂದು ದಿನ ತಟ್ಟೆಯ ಅಂಚು ಎರಡೆರಡಾಗಿ ಕಂಡಿತು. ಯಾವುದು ನಿಜವಾದ ಅಂಚು ಎಂದು ತಿಳಿಯದೆ ಕೈ ಹಾಕಿದೆ. ಮೊಣಕೈವರೆಗೆ ಸುಟ್ಟಿತು. ಅಮ್ಮನಿಗೆ ಎಣ್ಣೆ ಸಿಡಿಯಿತು ಎಂದು ಹೇಳಿದ್ದೆ.

ದೀಪಗಳಿಗೆ ಬಾಲ ಇರುವ ಹಾಗೆ ಕಾಣುತ್ತದೆ, ಅಕ್ಷರದ ಹಿಂದೆ ಇನ್ನೊಂದು ಮಸುಕು ಅಕ್ಷರ ನಿಂತಿರುತ್ತದೆ ಎಂದು ನಿಮಗೆ ಎಷ್ಟು ಸಲ ಹೇಳಿದ್ದೇನೆ. ನೀವು, “ಗಾಜು ಒರೆಸ್ಕೊ” ಎಂದಿರಿ. ಇನ್ನೊಮ್ಮೆ ಹೇಳಿದಾಗ ಫ್ರೇಮು ಬದಲಾಯಿಸಿ ಕೊಟ್ಟಿರಿ.

ಲೇಸರ್ ಎಂದರೆ ಸಾಕು, ನೀವು ಬೆಂಕಿ. ನಮ್ಮ ಕೊನೆಯ ಜಗಳ ನೆನಪಿದೆಯಲ್ಲ? ನಾನು ಗಲ್ಲಾಪೆಟ್ಟಿಗೆಯ ಪಕ್ಕ ನಿಂತು ಬಾಯಿಗೆ ಬಂದದ್ದು ಆಡಿದೆ. “ಎಲ್ಲರೂ ಲೇಸರ್ ಮಾಡಿಸ್ಕೊಂಡ್ರೆ ನಿಮ್ಮ ಅಂಗಡಿ ಮುಚ್ಚತ್ತೆ, ಅದೇ ತಾನೇ ನಿಮ್ಮ ಭಯ? ಮಗಳನ್ನೂ ಗಿರಾಕಿ ಲೆಕ್ಕದಲ್ಲೇ ನೋಡ್ತೀರಾ?” ಎಂದೆ. ನೀವು ಒಂದು ಕ್ಷಣ ನನ್ನ ಮುಖ ನೋಡಿದಿರಿ. ಆಮೇಲೆ, “ಹೌದಮ್ಮ, ನಾನು ವ್ಯಾಪಾರಿ. ಕನ್ನಡಕದೋನ ಮಗಳೇ ಕನ್ನಡಕ ಕಿತ್ತು ಬಿಸಾಕಿದ್ರೆ ನನ್ನ ಅಂಗಡಿ ಮೆಟ್ಟಿಲು ಯಾರು ಹತ್ತಾರೆ?” ಎಂದಿರಿ. ಪುಟ್ಟಿ ನಮ್ಮಿಬ್ಬರ ನಡುವೆ ಕೂತು, ಅಪ್ಪ-ಅಕ್ಕನ ಜಗಳ ಕೇಳುತ್ತ ಫ್ರೇಮುಗಳನ್ನು ಒರೆಸುತ್ತಿದ್ದಳು. ಆ ಮಾತನ್ನು ನಾನು ನಂಬಿದೆ. ಹಠ ಹೆಚ್ಚಾಯಿತು. ಇಲ್ಲಿಗೆ ವಾಪಸಾದ ಕೂಡಲೇ ಲೇಸರ್ ಮಾಡುವ ಕಡೆಗಳನ್ನು ವಿಚಾರಿಸಲು ಶುರು ಮಾಡಿದೆ.

ನಮ್ಮ ಬಸ್ ನಿಲ್ದಾಣದ ಎದುರಿನ ಮಹಡಿಯಲ್ಲಿ ಒಂದು ಕ್ಲಿನಿಕ್ ಇದೆ. ‘ಬೆಳಿಗ್ಗೆ ಬನ್ನಿ, ಸಂಜೆ ಕನ್ನಡಕವಿಲ್ಲದೆ ಹೋಗಿ’ ಎಂದು ಬೋರ್ಡು ಹಾಕಿದ್ದಾರೆ. ಮೊದಲು ಹೋದದ್ದು ಅಲ್ಲಿಗೇ. ಕೌಂಟರಿನ ಹುಡುಗಿ ನನ್ನ ಕನ್ನಡಕ ತೆಗೆದುಕೊಂಡು ಪವರ್ ನೋಡಿ, “ಆಗತ್ತೆ ಮೇಡಂ, ಯಾವತ್ತು ಬರ್ತೀರಾ?” ಎಂದಳು. ಅಷ್ಟೇ. ದಿನ ಗೊತ್ತಾಯಿತು. ಮೇಸ್ತ್ರಿಯ ಹೆಂಡತಿ ಕಣ್ಣಾಸ್ಪತ್ರೆಯೊಂದರಲ್ಲಿ ನರ್ಸ್. ವಿಷಯ ಕೇಳಿ ಅವರು ನನ್ನನ್ನು ಹಿಡಿದು ನಿಲ್ಲಿಸಿದರು. “ಅಲ್ಲ ಕಣೇ, ಚಪ್ಪಲಿ ಕೊಳ್ಳೋಕೆ ನಾಕು ಅಂಗಡಿ ಸುತ್ತುತೀಯ, ಕಣ್ಣು ಕೊಯ್ಸೋಕೆ ಒಂದೇ ಅಂಗಡೀನಾ? ನಮ್ಮಲ್ಲಿ ಬಂದು ಒಂದ್ಸಲ ತೋರಿಸು” ಎಂದರು. ಅವರ ಬಾಯಿ ದೊಡ್ಡದು, ತಪ್ಪಿಸಿಕೊಳ್ಳಲು ಆಗಲಿಲ್ಲ. ಆ ಒಂದು ಗದರಿಕೆ ಇಲ್ಲದಿದ್ದರೆ ಗೊತ್ತಾದ ದಿನ ನಾನು ಮತ್ತೆ ಆ ಮಹಡಿ ಹತ್ತಿಬಿಡುತ್ತಿದ್ದೆ.

ಅವರ ಆಸ್ಪತ್ರೆಯಲ್ಲಿ ನನ್ನ ಗದ್ದವನ್ನು ಒಂದು ಯಂತ್ರದ ಮೇಲಿಟ್ಟು ಕಣ್ಣಿನ ನಕ್ಷೆ ತೆಗೆದರು. ಕರಿಗುಡ್ಡೆಯ ಮೇಲಿನ ಪಾರದರ್ಶಕ ಪೊರೆ ಎಲ್ಲಿ ಎಷ್ಟು ದಪ್ಪ, ಎಲ್ಲಿ ಎಷ್ಟು ಉಬ್ಬು ಎಂದು ಬಣ್ಣಗಳಲ್ಲಿ ತೋರಿಸುವ ನಕ್ಷೆ. ಆಮೇಲೆ ಡಾಕ್ಟರಮ್ಮ ಕೋಣೆಯ ದೀಪ ಆರಿಸಿ, ನಿಮ್ಮ ಬಳಿ ಇರುವಂಥದ್ದೇ ಕೈದೀಪ ತೆಗೆದುಕೊಂಡು ನನ್ನ ಎದುರು ಕೂತರು. ನಾನು ಅವರನ್ನು ನಗಿಸೋಣವೆಂದು, “ಹುಷಾರು ಮೇಡಂ, ನನ್ನ ಕಣ್ಣಲ್ಲಿ ಕತ್ತರಿ ಇದೆ” ಎಂದೆ.

ಅವರು ನಗಲಿಲ್ಲ. ಬೆಳಕನ್ನು ಒಂದು ಸಲ ಆಡಿಸಿ ಕೈ ಕೆಳಗಿಳಿಸಿದರು.

“ಹಾಗಂತ ನಿಮಗೆ ಹೇಳಿದ್ಯಾರು?”

“ನಮ್ಮಪ್ಪ. ಕನ್ನಡಕದ ಅಂಗಡಿ ಇದೆ. ನನ್ನ ಕಣ್ಣು ಅವರೇ ನೋಡೋದು.”

“ಯಾವಾಗಿಂದ ಹೇಳ್ತಿದಾರೆ?”

“ಹೈಸ್ಕೂಲಲ್ಲಿದ್ದಾಗಿಂದ. ಮನೇಲಿ ನನ್ನ ಹೆಸರೇ ಕತ್ತರಿ.”

“ಯಾವ ಡಾಕ್ಟರಿಗೂ ತೋರಿಸಿಲ್ವಾ?”

“ಅಪ್ಪನೇ ಇದಾರಲ್ಲ” ಎಂದೆ. ಹೆಮ್ಮೆಯಿಂದಲೇ ಎಂದೆ, ಅಪ್ಪ.

ಆ ಹೆಸರು ಹುಟ್ಟಿದ ದಿನ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ. ಅಂಗಡಿಯ ಹಿಂದಿನ ಕತ್ತಲೆ ಕೋಣೆ, ಗಾಜು ಅರೆದ ಪುಡಿಯ ವಾಸನೆ. ನೀವು ನನ್ನ ಕಣ್ಣಿನ ಪಾಪೆಗೆ ಪಟ್ಟಿಯಂಥ ಬೆಳಕು ಬಿಟ್ಟು ಆಚೀಚೆ ಆಡಿಸುತ್ತಿದ್ದವರು ಇದ್ದಕ್ಕಿದ್ದಂತೆ ನಕ್ಕಿರಿ. ಬೇರೆಯವರ ಕಣ್ಣಲ್ಲಿ ಬೆಳಕು ಒಂದೇ ಪಟ್ಟಿಯಾಗಿ ಸರಿದುಹೋಗುತ್ತದಂತೆ. ನನ್ನ ಕಣ್ಣಲ್ಲಿ ಅದು ಎರಡಾಗಿ ಸೀಳಿ, ಕತ್ತರಿಯ ಅಲಗುಗಳ ಹಾಗೆ ಕೂಡುತ್ತದೆ, ಅಗಲುತ್ತದೆ. “ಏನೇ ಇದು, ಕಣ್ಣಲ್ಲಿ ಕತ್ತರಿ ಇಟ್ಕೊಂಡು ಹುಟ್ಟಿದೀಯಾ!” ಎಂದಿರಿ. ಗಾಜು ಅರೆಯುವವನನ್ನು ಕೂಗಿ ಕರೆದು ತೋರಿಸಿದಿರಿ. ಅಮ್ಮನಿಗೂ ತೋರಿಸಲು ಹೋದಿರಿ, ಅವಳಿಗೆ ಏನೂ ಕಾಣಲಿಲ್ಲ. ಮನೆಯಲ್ಲಿ ಇನ್ನಾರಿಗೂ ಇಲ್ಲದ ವಸ್ತು ನನ್ನಲ್ಲಿದೆ ಎಂದು ನಾನು ಉಬ್ಬಿಹೋದೆ.

ಪೊರೆ ತೆಳುವಾಗುತ್ತ, ಚೂಪಾಗಿ ಮುಂದಕ್ಕೆ ಉಬ್ಬುತ್ತ ಹೋಗುವ ರೋಗ ಇದು ಎಂದು ಡಾಕ್ಟರಮ್ಮ ಹೇಳಿದರು. ಕತ್ತರಿ ಅದರ ಗುರುತು. ಕಣ್ಣು ನೋಡುವ ಕೆಲಸ ಕಲಿತವರಿಗೆಲ್ಲ ಹೇಳಿಕೊಡುವ ಗುರುತು. ಕನ್ನಡಕದ ಸಿಲಿಂಡರ್ ಪವರ್ ಮೇಲಿಂದ ಮೇಲೆ ಏರುವುದು ಇನ್ನೊಂದು ಗುರುತು. ಶಾಲೆಯ ಗೆಳತಿಯರು, “ನಿಂಗೇನಮ್ಮ, ಆಗಾಗ ಹೊಸ ಕನ್ನಡಕ” ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರಲ್ಲ, ನಾನೂ ಅದನ್ನು ನಿಮ್ಮ ಪ್ರೀತಿ ಎಂದುಕೊಂಡಿದ್ದೆನಲ್ಲ, ಅದು ರೋಗ ಬೆಳೆದ ಲೆಕ್ಕ.

ನ್ಯಾಯವಾಗಿ ಒಂದು ಮಾತು ಬರೆಯಬೇಕು. ಲೇಸರ್ ಬೇಡ ಎಂದದ್ದು ಸರಿ. ತೆಳುವಾದ ಪೊರೆಯನ್ನು ಲೇಸರ್ ಇನ್ನಷ್ಟು ತೆಳುಮಾಡುತ್ತದೆ, ಮಾಡಿಸಿದ್ದರೆ ಎರಡೂ ಕಣ್ಣು ಹಾಳಾಗುವ ಸಂಭವವಿತ್ತು ಎಂದು ಡಾಕ್ಟರಮ್ಮನೇ ಹೇಳಿದರು. “ನಿಮ್ಮಪ್ಪ ತಡೆದದ್ದು ಒಳ್ಳೇದಾಯ್ತು” ಎಂದರು. ನಾನು ಆಗ ಏನೂ ಅರ್ಥವಾಗದೆ ತಲೆಯಾಡಿಸಿದೆ. ಅಂಗಡಿಯ ಮೇಲಿನ ಆಸೆಗೆ ತಡೆದರು, ಅದು ಅದೃಷ್ಟವಶಾತ್ ನನಗೆ ಒಳ್ಳೆಯದಾಯಿತು ಎಂದುಕೊಂಡೆ. ಇನ್ನೂ ಒಂದು ದಿನ ಹಾಗೇ ಅಂದುಕೊಂಡಿದ್ದೆ.

ನೀವು ಫೋನಿಟ್ಟ ಮಾರನೇ ದಿನ ಅಮ್ಮ ಫೋನು ಮಾಡಿದಳು. ನೀವು ಸರಿಯಾಗಿ ಊಟ ಮಾಡುತ್ತಿಲ್ಲ, ನಾನು ಎರಡು ಸಮಾಧಾನದ ಮಾತು ಹೇಳಬೇಕು ಎಂದಳು. ಕಣ್ಣು ನನ್ನದು, ಸಮಾಧಾನ ನಿಮಗೆ! “ಅವರ ಮೇಲೆ ಸಿಟ್ಟು ಮಾಡ್ಕೋಬೇಡ ಕಣೇ. ಲೇಸರ್ ಬೇಡ ಬೇಡ ಅಂತ ಅವರು ಅಷ್ಟು ಬಡ್ಕೊಂಡಿದ್ದು ಇದಕ್ಕೇ ಅಲ್ವಾ?” ಎಂದಳು. ನಿಮ್ಮನ್ನು ಕಾಪಾಡಲು ಹೊರಟ ಮಾತು ಅದು. “ಇದಕ್ಕೇ ಅಂದ್ರೆ? ಅಪ್ಪಂಗೆ ಗೊತ್ತಿತ್ತಾ?” ಎಂದು ಕೇಳಿದೆ. ಅವಳು ಒಲೆ ಮೇಲೆ ಏನೋ ಸೀಯುತ್ತಿದೆ ಎಂದು ಫೋನಿಟ್ಟಳು. ನಿಮ್ಮ ಗಿರಾಕಿ, ಅವಳ ಒಲೆ.

ಅಂದಿನಿಂದ ನಾನು ಹಿಟ್ಟು ನಾದುತ್ತ ಭಾನುವಾರಗಳನ್ನೇ ನೆನೆಯುತ್ತಿದ್ದೇನೆ. ಅಂಗಡಿಯ ಪರದೆಯ ಹಿಂದೆ ಭಾನುವಾರ ಬೆಳಿಗ್ಗೆ ಬಂದು ಕೂರುತ್ತಿದ್ದ ಕಣ್ಣಿನ ಡಾಕ್ಟರ್, ಕೆಮ್ಮುತ್ತಲೇ ರೋಗಿಗಳನ್ನು ನೋಡುವವರು. ಊರಿನ ಅರ್ಧ ಜನರ ಕಣ್ಣು ನೋಡಿದ್ದಾರೆ. ನನ್ನದು ಮಾತ್ರ ನೋಡಿಲ್ಲ. ಒಮ್ಮೆ ಅವರೇ, “ಬಾಮ್ಮ, ನಿನ್ನ ಗಾಜು ಯಾಕೆ ಇಷ್ಟು ದಪ್ಪ, ನೋಡೋಣ” ಎಂದು ಕರೆದರು. ನೀವು ಎಲ್ಲಿದ್ದಿರೋ ಬಂದು, “ಡಾಕ್ಟರಿಗೆ ಕಾಫಿ ಮಾಡ್ಬೇಕು, ಮೊದಲು ಹೋಗಿ ಹಾಲು ತಗೊಂಡು ಬಾ” ಎಂದು ಕಳಿಸಿದಿರಿ. ನಾನು ಬರುವಷ್ಟರಲ್ಲಿ ಅವರು ಹೊರಟಿದ್ದರು. ಆಮೇಲಿನ ಭಾನುವಾರಗಳಲ್ಲೂ ಅವರ ಸ್ಕೂಟರ್ ಸದ್ದು ಕೇಳಿದರೆ ಸಾಕು, ನನಗೆ ಹಾಲು ತರುವ ಕೆಲಸ ಬರುತ್ತಿತ್ತು. ಮನೆಯಲ್ಲಿ ಹಾಲು ಹೆಚ್ಚಾಗಿ ಅಮ್ಮ ಹೆಪ್ಪು ಹಾಕುತ್ತಿದ್ದಳು. ವಯಸ್ಸಿಗೆ ಬಂದ ಹುಡುಗಿ ಗಂಡಸರ ಮುಂದೆ ಕೂರಬಾರದೆಂದು ನಿಮ್ಮ ಲೆಕ್ಕವಿರಬೇಕು ಎಂದುಕೊಂಡಿದ್ದೆ.

ಮೊದಲ ದಿನ ನಿಮಗೆ ಗೊತ್ತಿರಲಿಲ್ಲ ಎಂದು ನಂಬುತ್ತೇನೆ. ಗೊತ್ತಿದ್ದರೆ ಗಾಜು ಅರೆಯುವವನನ್ನು ಕರೆದು ತೋರಿಸುತ್ತಿರಲಿಲ್ಲ. ಆಮೇಲೆ ಯಾವಾಗಲೋ ತೋರಿಸುವುದನ್ನು ನಿಲ್ಲಿಸಿದಿರಿ. ಯಾರನ್ನೋ ಕೇಳಿ ತಿಳಿದಿರೋ, ಹಳೆಯ ಪಾಠ ನೆನಪಾಯಿತೋ, ನನಗೆ ತಿಳಿಯದು. ಊರಿನವರ ಕಣ್ಣು ನೋಡುವವನ ಮಗಳ ಕಣ್ಣೇ ಹೀಗೆ ಎಂದರೆ ಜನ ಏನೆಂದಾರು ಎಂಬುದು ಒಂದು ಭಯ. ನಾಳೆ ಇವಳನ್ನು ಯಾರು ಮದುವೆಯಾಗುತ್ತಾರೆ ಎಂಬುದು ಇನ್ನೊಂದು. ಆಮೇಲೆ, ಇಷ್ಟು ದಿನ ಹೇಳದ್ದನ್ನು ಈಗ ಹೇಗೆ ಹೇಳುವುದು ಎಂಬುದು ಎಲ್ಲಕ್ಕಿಂತ ದೊಡ್ಡದಾಗಿರಬೇಕು. ನಿಮ್ಮ ಪರವಾಗಿ ನಾನೇ ವಾದ ಮಾಡುತ್ತಿದ್ದೇನೆ, ನೋಡಿ.

ನನಗೆ ನುಂಗಲಾಗದ್ದು ಒಂದೇ. ಗಲ್ಲಾಪೆಟ್ಟಿಗೆಯ ಮುಂದೆ ನಾನು ನಿಮ್ಮನ್ನು ದುರಾಸೆಯವರೆಂದಾಗ, ನೀವು ಹೌದು ಎಂದಿರಿ. ದುರಾಸೆಯ ಅಪ್ಪ ಎನ್ನಿಸಿಕೊಳ್ಳುವುದೇ ನಿಮಗೆ ಸಲೀಸಾಯಿತು. ಯಾಕೆ ಬೇಡ ಎಂದು ಒಂದೇ ಒಂದು ಸಲ ಹೇಳಿದ್ದರೆ ನಾನು ಮಾರನೇ ದಿನವೇ ಆಸ್ಪತ್ರೆಯಲ್ಲಿರುತ್ತಿದ್ದೆ. ನೀವು ಕಾರಣ ನುಂಗಿಕೊಂಡು ಬರೀ ಬೇಡ ಎಂದದ್ದಕ್ಕೇ ಬೋರ್ಡು ನಂಬಿ ಆ ಮಹಡಿಯಲ್ಲಿ ಲೇಸರ್ ಮಾಡಿಸಿಕೊಳ್ಳಲು ಹೊರಟಿದ್ದೆ. ಮೇಸ್ತ್ರಿಯ ಹೆಂಡತಿಯ ಬಾಯಿ ಇಷ್ಟು ಜೋರಿರದಿದ್ದರೆ ಈ ಪತ್ರವನ್ನು ಇನ್ನೊಬ್ಬರ ಕೈಯಲ್ಲಿ ಬರೆಸಬೇಕಾಗುತ್ತಿತ್ತು.

ಈಗಿನ ಸ್ಥಿತಿ ಹೀಗಿದೆ. ಕಣ್ಣಿಗೆ ಒಂದು ಔಷಧದ ಹನಿ ಹಾಕಿ, ಅದರ ಮೇಲೆ ಒಂದು ಬಗೆಯ ಬೆಳಕು ಬಿಟ್ಟು ಪೊರೆಯನ್ನು ಗಟ್ಟಿ ಮಾಡುವ ಚಿಕಿತ್ಸೆ ಇದೆ. ಹೋದದ್ದು ವಾಪಸು ಬರುವುದಿಲ್ಲ, ಇರುವುದು ಉಳಿಯುತ್ತದೆ. ಹೈಸ್ಕೂಲಿನಲ್ಲೇ ಮಾಡಿದ್ದರೆ ಎರಡೂ ಕಣ್ಣು ಅಲ್ಲಿಗೇ ನಿಲ್ಲುತ್ತಿದ್ದವು. ಬಲಗಣ್ಣಿಗೆ ಗುರುವಾರ ಮಾಡುತ್ತಾರೆ. ಎಡಗಣ್ಣಿನ ಪೊರೆ ಅದನ್ನು ತಾಳುವಷ್ಟು ದಪ್ಪ ಉಳಿದಿಲ್ಲ. ಅದಕ್ಕೆ ಮುಂದೆ ಯಾರೋ ಸತ್ತವರ ಪೊರೆ ಬೇಕಾಗಬಹುದು. ಆಸ್ಪತ್ರೆಯಲ್ಲಿ ನನ್ನ ಜೊತೆಗೆ ಮೇಸ್ತ್ರಿಯ ಹೆಂಡತಿ ಇರುತ್ತಾರೆ. ನೀವು ಬರುವುದು ಬೇಡ.

ನೀವು ಕಳಿಸಿದ ಕನ್ನಡಕ ಹಾಕಿಕೊಂಡು ಇದನ್ನು ಬರೆಯುತ್ತಿದ್ದೇನೆ. ಎಡಗಣ್ಣಿಗೆ ಪವರ್ ಸರಿಯಾಗಿಲ್ಲ. ಯಾವ ಗಾಜಿನಲ್ಲೂ ಇನ್ನು ಸರಿಯಾಗುವುದಿಲ್ಲ ಎಂಬುದು ಗಾಜು ಹಾಕುವಾಗ ನಿಮಗೆ ಗೊತ್ತಿರಲೇಬೇಕು.

ಅಮ್ಮನಿಗೆ ಇದನ್ನು ಓದಿ ಹೇಳಿ. ಪೂರ್ತಿ ಓದಿ ಹೇಳಿ.

ಇಂತಿ,
ನೀವು ಹೆಸರಿಟ್ಟ
ಕತ್ತರಿ

ತಾ.ಕ.: ಪುಟ್ಟಿ ನಿಮಗೆ ಹೇಳಿ ಹೊರಟ ಕಾಲೇಜಿನ ಶಿಬಿರಕ್ಕೆ ಹೋಗಿಲ್ಲ. ನನ್ನ ಕೋಣೆಯಲ್ಲಿ, ನನ್ನ ಮಂಚದ ಮೇಲೆ ಮಲಗಿ ನಿದ್ದೆ ಮಾಡುತ್ತಿದ್ದಾಳೆ. ನಾಳೆ ಬೆಳಿಗ್ಗೆ ಅವಳನ್ನು ಅದೇ ಡಾಕ್ಟರಮ್ಮನ ಹತ್ತಿರ ಕರೆದುಕೊಂಡು ಹೋಗುತ್ತೇನೆ. ಪತ್ರ ನಿಮ್ಮ ಕೈಸೇರುವಷ್ಟರಲ್ಲಿ ಅವಳ ಕಣ್ಣಿನ ನಕ್ಷೆ ಬಂದಿರುತ್ತದೆ. ಹೋದ ತಿಂಗಳು ನೀವು ಅವಳ ಕಣ್ಣಿಗೆ ದೀಪ ಹಿಡಿದಾಗ ಅವಳು ಆಸೆಯಿಂದ, “ಅಪ್ಪಾ, ಅಕ್ಕಂಗಿರೋ ಥರ ನಂಗೂ ಕತ್ತರಿ ಇದ್ಯಾ?” ಎಂದು ಕೇಳಿದಳಂತೆ. ಅವತ್ತು ಭಾನುವಾರವಂತೆ. ನೀವು ದೀಪ ಆರಿಸಿ, ಹಾಲು ತರಲು ಕಳಿಸಿದಿರಂತೆ.