ಪಟ್ಟಿಯೊಳಗಿನ ಒಲೆ

ಕೈರುವಾನ್,
ಶುಕ್ರವಾರ, 18 ಆಗಸ್ಟ್ 2023

ಪ್ರೀತಿಯ ತಮ್ಮ ಮೊಂಜಿಗೆ,

ಹೇಗಿದ್ದೀಯ? ಪಿತ್ತಕೋಶದ ಕಲ್ಲು ತೆಗೆದರೆಂದು ತಿಳಿಯಿತು. ಹೊಲಿಗೆ ಒಣಗಿತೇ? ಟ್ಯೂನಿಸ್ ಆಸ್ಪತ್ರೆಯ ಊಟ ಸಪ್ಪೆಯೆಂದು ಖಾರದ ಹರಿಸಾ ಚಟ್ನಿ ತರಿಸಿಕೊಂಡು ಕದ್ದು ತಿನ್ನಬೇಡ, ನಿನ್ನ ನಾಲಗೆ ನನಗೆ ಗೊತ್ತು. ನಿನ್ನದು ಬಿಡಪ್ಪ, ಹೊಟ್ಟೆಯ ಕಲ್ಲು ಕೂಡ ಸರ್ಕಾರದ ಖರ್ಚಿನಲ್ಲೇ ಹೋಯಿತು.

ನನ್ನ ಬೇಕರಿಯ ಒಲೆ ಆರಿ ಎರಡು ವಾರವಾಯಿತು. ಸರ್ಕಾರದ ಬಳಿ ಡಾಲರ್ ಇಲ್ಲ, ದುಡ್ಡು ಕೈಗೆ ಬರುವವರೆಗೆ ಹಡಗಿನವರು ಗೋಧಿ ಇಳಿಸುವುದಿಲ್ಲ. ಅದಕ್ಕೇ ತಮ್ಮ ಪಟ್ಟಿಯಲ್ಲಿರುವ ಹಳೆಯ ಬೇಕರಿಗಳಿಗಷ್ಟೇ ಅಗ್ಗದ ಸರ್ಕಾರಿ ಹಿಟ್ಟು ಎಂದುಬಿಟ್ಟರು. ಒಳ್ಳೆಯ ಕಾಲದಲ್ಲಿ ಯಾರು ಬೇಕಾದರೂ ಬೇಕರಿ ತೆರೆಯಬಹುದಿತ್ತು, ನಾನೂ ತೆರೆದೆ. ಅಪ್ಪನ ಮಸಿ ಹಿಡಿದ ಒಲೆಯನ್ನೂ ಅದರ ಪರವಾನಗಿಯನ್ನೂ 'ನೀನೇ ಇಟ್ಕೊಳ್ಳೋ' ಎಂದು ನಿನಗೆ ಬಿಟ್ಟುಕೊಟ್ಟವನು ನಾನೇ. ಈಗ ಅದನ್ನು ನೆನೆದರೆ ಮೈಯೆಲ್ಲ ಉರಿಯುತ್ತದೆ. ಹೌದು, ಹೊಟ್ಟೆಕಿಚ್ಚೇ. ಅಣ್ಣನಾದವನು ಹೀಗೆ ಬರೆಯಬಾರದು, ಬರೆದೆ.

ನಿನ್ನ ಗಿರಾಕಿಗಳ ಸಾಲು ಬೀದಿ ತಿರುಗಿ ನನ್ನ ಮುಚ್ಚಿದ ಬಾಗಿಲವರೆಗೂ ಬರುತ್ತಿತ್ತು. ನೆರಳಿದೆಯೆಂದು ನನ್ನ ಮೆಟ್ಟಿಲ ಮೇಲೇ ಕೂರುತ್ತಿದ್ದರು. 'ಸಾದೊಕಣ್ಣಾ, ನೀನು ಬಾಗಿಲು ಹಾಕಿದ್ದು ಒಳ್ಳೇದೇ ಆಯ್ತು ನೋಡು, ನಮಗೆ ಕೂತ್ಕೊಳ್ಳೋಕೆ ಜಾಗ ಸಿಕ್ತು' ಎಂದಳು ದರ್ಜಿ ನಜೀಹಾ. ನಾನು ಇಟಲಿಯಿಂದ ತರಿಸಿದ ಒಲೆಯಲ್ಲಿ ಈಗ ಬೆಕ್ಕು ಮಲಗುತ್ತಿದೆ.

ಭಾನುವಾರ ನಿನ್ನ ಒಲೆಯಾಳು ಕೆಲಸ ಬಿಟ್ಟ. ಸೋಮವಾರ ನಿನ್ನ ವಸೀಲಾ ಓಡಿ ಬಂದಳು. 'ಭಾವ, ಮೂರು ದಿನ ಒಲೆ ಹಚ್ಚದಿದ್ರೆ ನಮ್ಮ ಪಾಲಿನ ಹಿಟ್ಟು ಬೇರೆಯವ್ರಿಗೆ ಕೊಡ್ತಾರಂತೆ' ಎಂದಳು. ಕೊಡಲಿ ಎನ್ನಿಸಿತು. ಆ ಬೇರೆಯವನು ನಾನೇ ಯಾಕಾಗಬಾರದು ಎಂದೂ ಅನ್ನಿಸಿತು. ಪಟ್ಟಿಗೆ ಸೇರಿಸಿ ಎಂದು ನಮ್ಮ ಕೇರಿಯಲ್ಲಿ ಮೊದಲು ಅರ್ಜಿ ಹಾಕಿದವನು ನಾನಲ್ಲವೇ? 'ನನ್ನ ಒಲೆ ಆರಿದಾಗ ಯಾರು ಬಂದು ಕೇಳಿದ್ರಮ್ಮಾ?' ಎಂದೆ. ಅವಳು ನಿನ್ನ ಬೇಕರಿಯ ಬೀಗದಕೈಯನ್ನು ನನ್ನ ಮೇಜಿನ ಮೇಲಿಟ್ಟು ಹೋದಳು.

ಔಷಧಿ ತಪ್ಪಿಸಬೇಡ. ಅಪ್ಪ ಇದ್ದಿದ್ದರೆ ನಿನ್ನ ತಲೆ ಸವರುತ್ತಿದ್ದ, ಅವನ ಬದಲು ನಾನು ಸವರಿದೆ ಎಂದುಕೋ.

ನಿನ್ನ ಅಣ್ಣ,
ಸಾದೊಕ್

ತಾ.ಕ.: ವಸೀಲಾ ಹೇಗೂ ಹೇಳುತ್ತಾಳೆ, ನಾನೇ ಹೇಳಿಬಿಡುತ್ತೇನೆ. ಮಂಗಳವಾರ ನಸುಕಿನಿಂದ ನಿನ್ನ ಒಲೆ ಹಚ್ಚುತ್ತಿರುವವನು ನಾನೇ. ನಿನ್ನೆ ತಪಾಸಣೆಗೆ ಒಬ್ಬ ಹೊಸ ಅಧಿಕಾರಿ ಬಂದಿದ್ದ. ಪಟ್ಟಿಯಲ್ಲಿ ಹೆಸರಿರುವವನೇ ಅಂಗಡಿಯಲ್ಲಿರಬೇಕಂತೆ. 'ಮೊಂಜಿ ನೀವೇನಾ?' ಎಂದ. 'ನಾನೇ' ಎಂದೆ. ಸಾಲಿನಲ್ಲಿ ನಿಂತವರೆಲ್ಲ ಕೇಳಿಸಿಕೊಂಡರು, ಆ ಬಾಯಿಬಡುಕಿ ನಜೀಹಾ ಕೂಡ ತುಟಿ ಬಿಚ್ಚಲಿಲ್ಲ. ಬ್ರೆಡ್ಡು ಬೇಕಿತ್ತಲ್ಲ! ನಿನ್ನ ಸಹಿಯನ್ನೂ ಹಾಕಿದೆ. 'ಬರ್ತೀನಿ ಮೊಂಜಿಯವರೇ' ಎಂದು ಅವನು ಕೈಕುಲುಕಿ ಹೋದ. ಅದು ಎಷ್ಟು ಹಿತವಾಗಿತ್ತು ಎಂದು ನಿನಗೆ ಹೇಳಲಾರೆ. ಬೇಗ ವಾಸಿಮಾಡಿಕೊಂಡು ಬಾರೋ. ತಡಮಾಡಿದರೆ ನಿನ್ನ ಹೆಸರನ್ನು ನಿನಗೆ ತಿರುಗಿ ಕೊಡಲು ನನಗೆ ಮನಸ್ಸಾಗಲಿಕ್ಕಿಲ್ಲ.