ಒಂಬತ್ತನೆಯ ಅಂಕಿ

ತದಡಿ ತೇಲೂರು
ಕ್ರಿ.ಶ. ೨೨೨೯, ಎರಡನೆಯ ಆಷಾಢದ ಇಪ್ಪತ್ತೊಂದನೆಯ ದಿನ

ಪ್ರೀತಿಯ ನಾಗವೇಣಿ ಅಜ್ಜಿಗೆ,

ಈ ಪತ್ರ ಸುಮಾರು ಇನ್ನೂರು ವರ್ಷ ಹಿಂದಕ್ಕೆ ಬಂದು ನಿಮ್ಮ ಕೈ ಸೇರುವಾಗ ನೀವಿನ್ನೂ ಮೂವತ್ತು ದಾಟಿಲ್ಲ. ನಿಮ್ಮಿಂದ ಏಳನೆಯ ತಲೆಮಾರಿನವಳು, ನಲವತ್ತೆಂಟರ ನಾನು ನಿಮ್ಮನ್ನು ಅಜ್ಜಿ ಎಂದರೆ ನಗಬೇಡಿ. ನನ್ನ ಮಾತು ಅಲ್ಲಲ್ಲಿ ವಿಚಿತ್ರವೆನಿಸಿದರೆ ಕ್ಷಮಿಸಿ. ತೇಲೂರು ಎಂದರೆ ನೀರಿನ ಮೇಲೆ ಕಟ್ಟಿದ ಊರು. ಉಬ್ಬರ ಬಂದಾಗ ನಮ್ಮ ಅಡುಗೆಮನೆಯ ಪಾತ್ರೆಗಳೆಲ್ಲ ಸಣ್ಣಗೆ ಸದ್ದು ಮಾಡುತ್ತವೆ.

ಹೊಟ್ಟೆಯಲ್ಲಿರುವ ಮಗಳಿಗಾಗಿ ನೀವು ಈ ವಾರ ಹಲಸಿನ ಹಲಗೆಯೊಂದರ ಮೇಲೆ ೭ ಎಂದು ಕೆತ್ತುತ್ತೀರಿ. ಏಳು ಅವಿಭಾಜ್ಯ, ಒಂದು ಮತ್ತು ಏಳನ್ನು ಬಿಟ್ಟರೆ ಬೇರಾವುದರಿಂದಲೂ ಒಡೆಯದು. ಆಕೆ ತನ್ನ ಮಗಳಿಗೆಂದು ಬಲಕ್ಕೆ ೩ ಸೇರಿಸುತ್ತಾಳೆ. ೭೩, ಅದೂ ಒಡೆಯದು. ಹೀಗೆ ತಾಯಿಯಿಂದ ಮಗಳಿಗೆ ಒಂದೊಂದು ಅಂಕಿ, ಪ್ರತಿ ಸಲವೂ ಒಡೆಯದಂತೆ. ನಾನು ೭೩೯೩೯೧೩. ನನ್ನ ಮಗಳು ಮೇದಿನಿ ೭೩೯೩೯೧೩೩: ಏಳು ಕೋಟಿ ಮೂವತ್ತೊಂಬತ್ತು ಲಕ್ಷ ಮೂವತ್ತೊಂಬತ್ತು ಸಾವಿರದ ನೂರ ಮೂವತ್ತಮೂರು. ಚಿಕ್ಕವಳಿದ್ದಾಗ ಅವಳು ಕೊನೆಯಿಂದ ಒಂದೊಂದೇ ಅಂಕಿಯನ್ನು ಬೆರಳಿನಿಂದ ಮುಚ್ಚುತ್ತಾ ಬರುತ್ತಿದ್ದಳು: ಅಮ್ಮ, ಅಜ್ಜಿ, ಮುತ್ತಜ್ಜಿ. ಎಲ್ಲಿ ನಿಲ್ಲಿಸಿದರೂ ಉಳಿದದ್ದು ಅವಿಭಾಜ್ಯ, ಉಳಿದದ್ದು ನಮ್ಮವರಲ್ಲೊಬ್ಬರು.

ಮೇದಿನಿ ಐದು ತಿಂಗಳ ಬಸುರಿಯಾದಾಗ ಅವಳ ಮಗುವಿಗೆ ಒಂಬತ್ತನೆಯ ಅಂಕಿ ಹಚ್ಚುವ ಶಾಸ್ತ್ರಕ್ಕೆ ಕೂತೆವು. ಸೋದರಮಾವ ಸೀಮೆಸುಣ್ಣ ಹಿಡಿದು ಕೈಯಲ್ಲೇ ಭಾಗಿಸಬೇಕು, ಯಂತ್ರ ಮುಟ್ಟುವಂತಿಲ್ಲ. ಸಮ ಅಂಕಿಗಳೂ ಐದೂ ಮೊದಲೇ ಹೋದವು. ಒಂದನ್ನು ಹಚ್ಚಿದರೂ ಏಳನ್ನು ಹಚ್ಚಿದರೂ ಮೂರರಿಂದ ಒಡೆಯಿತು. ನನ್ನಣ್ಣ ಸುಬ್ರಾಯ ಮೂರನ್ನು ಹಚ್ಚಿಕೊಂಡು ಒಂದೊಂದೇ ಅವಿಭಾಜ್ಯದಿಂದ ನಾಲ್ಕು ದಿನ ಭಾಗಿಸುತ್ತ ನೂರ ಹದಿಮೂರಕ್ಕೆ ಬಂದ. ನೂರ ಹದಿಮೂರರ ಮುಂದೆ ಹದಿಮೂರು ಸಂಖ್ಯೆಗಳವರೆಗೆ ಒಂದೂ ಅವಿಭಾಜ್ಯವಿಲ್ಲ. ಆ ಬಯಲನ್ನು ಕಂಡು ದಣಿದವನು ದಡ ಬಂತೆಂದುಕೊಂಡ.

"ಗಟ್ಟಿ ಇದೆ ತಂಗಿ, ಪಾಯಸ ಮಾಡು."

ಪಾಯಸ ತಿನ್ನುತ್ತಲೇ ಮೇದಿನಿ ಮುಂದಿನ ಅವಿಭಾಜ್ಯದಿಂದ, ನೂರ ಇಪ್ಪತ್ತೇಳರಿಂದ, ಭಾಗಿಸಿದಳು. ಶೇಷ ಉಳಿಯಲಿಲ್ಲ.

"ಮಾವಾ, ಇನ್ನೊಂದೇ ಹೆಜ್ಜೆ ಇಟ್ಟಿದ್ರೆ ಬೆಲ್ಲ ಉಳೀತಿತ್ತು!" ಎಂದು ನಕ್ಕಳು. ಆಮೇಲೆ ಅತ್ತಳು. ಒಂಬತ್ತೂ ಒಡೆಯಿತು.

ಅಂಕಿ ಸಿಗದ ಮಗುವನ್ನು ತಂದೆಯ ಮನೆಯ ಹಲಗೆಗೆ ಬರೆಯುವುದು ಇಲ್ಲಿನ ಪದ್ಧತಿ. ನಮ್ಮ ಸಾಲಿನಲ್ಲಿ ಅವಳಿಗೆ ಜಾಗವಿರುವುದಿಲ್ಲ. ನಾನು ನಿಮ್ಮ ಮೇಲೆ ಮುನಿದೆ. ಎರಡೋ ಮೂರೋ ಐದೋ ಕೆತ್ತಬಾರದಿತ್ತೇ? ಪದ್ಧತಿ ಮುರಿದು ಯಂತ್ರವನ್ನೇ ಕೇಳಿದೆ. ಯಾವುದರಿಂದ ಹೊರಟರೂ ಈ ದಾರಿ ಎಂಟು ಅಂಕಿ ದಾಟದು. ಎಂಟನ್ನು ಮುಟ್ಟುವ ಸಂಖ್ಯೆಗಳು ಐದೇ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನಮ್ಮದು. ಇದಕ್ಕಿಂತ ಹೆಚ್ಚನ್ನು ಯಾವ ತಾಯಿಯೂ ಕೊಡಲಾರಳು.

ಆದ್ದರಿಂದ ನನ್ನದೊಂದು ಬೇಡಿಕೆ. ಏಳನ್ನೇ ಕೆತ್ತಿ. ಹಲಗೆಯ ಹಿಂಬದಿಯನ್ನೂ ಉಜ್ಜಿ ನಯ ಮಾಡಿಡಿ. ಪದ್ಧತಿ ಏನೇ ಹೇಳಲಿ, ಈ ಮಗುವಿನ ಸಾಲು ನಿಮ್ಮ ಏಳಿನ ಬೆನ್ನಿಗೇ ಇನ್ನೊಂದು ಏಳಾಗಿ ಶುರುವಾಗಲಿ.

ಇಷ್ಟು ಬರೆದ ಮೇಲೆ, ನೀವೇ ಹಾಕಿಸಿದ ಚೌಕಟ್ಟಿನಿಂದ ಹಲಗೆಯನ್ನು ಮೊದಲ ಬಾರಿಗೆ ಬಿಚ್ಚಿ ತಿರುಗಿಸಿದೆವು. ಯಾರೂ ನೋಡದ ಆ ಹಿಂಬದಿ ಮುಂಬದಿಯಷ್ಟೇ ನುಣುಪಾಗಿತ್ತು. ಮೇದಿನಿ ಅದಕ್ಕೆ ಕೆನ್ನೆಯಿಟ್ಟು ಕೂತಿದ್ದಾಳೆ. ಅಣ್ಣ ಉಳಿ ತರಲು ಹೋಗಿದ್ದಾನೆ.

ನಿಮ್ಮ ಏಳನೆಯ ಅಂಕಿ,
ತರಂಗಿಣಿ