ಕರ್ನೆಲ್ಲಿನೊಳಗೆ ಒಣಮೀನು

ಲೇಡೀಸ್ ಹಾಸ್ಟೆಲ್, ಹಬ್ಬುವಾಡ
ಕಾರವಾರ
೧೩-೧೧-೨೦೦೫, ರವಿವಾರ

ಪ್ರೀತಿಯ ಯೋಗಿತಾ,

ಮೊದಲಿಗೇ ಸಾರಿ ಕೇಳುತ್ತೇನೆ. ಬರೆಯಬೇಡ ಎಂದು ನೀನು ಹೇಳಿದ ಮೇಲೂ ಬರೆಯುತ್ತಿದ್ದೇನೆ. ಅಂಕೋಲೆ ಬಸ್‌ಸ್ಟ್ಯಾಂಡಿನಲ್ಲಿ ಮೀನಿನ ಬುಟ್ಟಿಯನ್ನು ತಲೆಯಿಂದ ಇಳಿಸದೆಯೇ ಹೇಳಿದ್ದೆಯಲ್ಲ, "ನೀ ಬರೂದೂ ಬೇಡ, ಬರೆಯೂದೂ ಬೇಡ. ಬರೆದ್ರೆ ಓದಬೇಕಾಗ್ತದೆ, ಓದಿದ್ರೆ ಕಾಲೇಜು ನೆನಪಾಗ್ತದೆ" ಎಂದು. ನಾನು ಮರೆತಿಲ್ಲ. ಆದರೆ ಫೋನ್ ಮಾಡಿದರೆ ನಿಮ್ಮೂರ ಅಂಗಡಿಯ ಬಾಳಾಮಾಮ, "ಅದು ಮೀನು ತಕಂಡು ಹೋಗ್ಯದೆ, ಆಮೇಲೆ ಮಾಡು" ಅನ್ನುತ್ತಾನೆ. ಆಮೇಲೆ ಮಾಡಿದರೆ, "ಅದು ಮಲಗ್ಯದೆ, ನಾಳೆ ಮಾಡು." ನಾನೇನು ಮಾಡಲಿ?

ಇಂಗ್ಲಿಷಿನಲ್ಲಿ ಬರೆದರೆ ಓದದೆ ಒಲೆಗೆ ಹಾಕುತ್ತೀಯೆಂದು ಗೊತ್ತು. ಅದಕ್ಕೇ ಕನ್ನಡ. ತಪ್ಪಿದ್ದರೆ ನಗಬೇಡ. ಐದನೇ ಕ್ಲಾಸಿನಿಂದ ಅಪ್ಪ ಸುರಂಗದ ಕೆಲಸ ಎಲ್ಲಿ ನಡೆಯುತ್ತದೋ ಅಲ್ಲಿ, ನಾನು ಹಾಸ್ಟೆಲಿನಲ್ಲಿ ಸೀಟು ಎಲ್ಲಿ ಸಿಕ್ಕಿತೋ ಅಲ್ಲಿ. ನನ್ನ ಮಾತಲ್ಲಿ ಅರ್ಧ ಇಂಗ್ಲಿಷು, ಉಳಿದರ್ಧ ವಾರ್ಡನ್‌ಗೆ ಹೇಳುವ ಸುಳ್ಳು ಎಂದು ನೀನೇ ಹಾಸ್ಯ ಮಾಡುತ್ತಿದ್ದೆ. ಈಗ ರೂಮಿನಲ್ಲಿ ಹಾಸ್ಯ ಮಾಡುವವರು ಯಾರೂ ಇಲ್ಲ. ನಾನು ಕಾಲೇಜಿಗೆ ಹೋಗುತ್ತೇನೆ, ಬರುತ್ತೇನೆ, ಊಟ ಮಾಡುತ್ತೇನೆ. ಎಲ್ಲದರಿಂದಲೂ ದಣಿವಾಗುತ್ತದೆ. ಇದಕ್ಕೆ ಕಾರಣ ಕೇಳಬೇಡ, ಕಾರಣ ಗೊತ್ತಿದ್ದರೆ ಇಷ್ಟು ದಣಿವಾಗುತ್ತಿರಲಿಲ್ಲವೇನೋ.

ನಾನು ಬರೆಯುತ್ತಿರುವುದು ಮಶೀನಿನ ವಿಷಯಕ್ಕೆ. ಕಿಶನ್ ಸರ್ ನಮ್ಮಿಬ್ಬರಿಗೆ ವಹಿಸಿದ ಲ್ಯಾಬ್ ಮೂಲೆಯ ಆ ಹಳೆ ಕಂಪ್ಯೂಟರು ಇನ್ನೂ ಎದ್ದಿಲ್ಲ. ಅದನ್ನು ಬದುಕಿಸಿಕೊಟ್ಟರೆ ಫಸ್ಟ್ ಇಯರಿನವರಿಗೇ ಬಿಡುತ್ತೇನೆ, ಸೀನಿಯರ್‌ಗಳ ಬೆನ್ನ ಹಿಂದೆ ನಿಂತು ಕಾಯುವುದು ತಪ್ಪುತ್ತದೆ ಎಂದಿದ್ದರಲ್ಲ. ಈಗಲೂ ಹಾಗೇ ಅನ್ನುತ್ತಾರೆ. ಮೊನ್ನೆ ನನ್ನ ಮುಖ ನೋಡಿ ಅವರಿಗೇ ಪಾಪ ಅನ್ನಿಸಿ, ಮತ್ತೆ ಮೊದಲಿನಿಂದ ಹೇಳಿಕೊಟ್ಟರು. ನಾನು ನಿನಗೂ ಮೊದಲಿನಿಂದ ಬರೆಯುತ್ತೇನೆ, ಬೇಸರಿಸಬೇಡ. ಬರೆದರೆ ನನ್ನ ತಲೆಗೂ ಹೋಗುತ್ತದೆ.

ಕರ್ನೆಲ್ ಎಂದರೆ ಕಂಪ್ಯೂಟರ್ ಶುರುವಾದ ಕೂಡಲೇ ಎಲ್ಲಕ್ಕಿಂತ ಮೊದಲು ಎದ್ದು ಕೆಲಸ ಹಿಡಿಯುವ ಪ್ರೋಗ್ರಾಮು. ಡಿಸ್ಕು, ಕೀಬೋರ್ಡು, ಪರದೆ ಎಲ್ಲವನ್ನೂ ಎಬ್ಬಿಸಿ ದುಡಿಸುವುದು ಅದೇ. ಸಿದ್ಧವಾಗಿ ಸಿಗುವ ಕರ್ನೆಲ್ಲಿನಲ್ಲಿ ಲೋಕದ ಎಲ್ಲ ಮಶೀನುಗಳಿಗೂ ಬೇಕಾದ್ದು ತುಂಬಿರುತ್ತದೆ, ನಮ್ಮ ಮುದುಕ ಕಂಪ್ಯೂಟರಿಗೆ ಅಷ್ಟು ಹೊರುವ ಶಕ್ತಿ ಇಲ್ಲ. ಅದಕ್ಕೇ ನಾವು ಆ ನೀಲಿ ಪರದೆಯ ಮುಂದೆ ಕೂತು ಒಂದೊಂದೇ ಸಾಲು ನೋಡಿ ಉತ್ತರ ಕೊಡಬೇಕು. ವೈ ಎಂದರೆ ಕರ್ನೆಲ್ಲಿನ ಒಳಗೇ ಇರಲಿ. ಎನ್ ಎಂದರೆ ಬೇಡ. ಎಮ್ ಎಂದರೆ ಮಾಡ್ಯೂಲ್, ಬೇರೆಯಾಗಿ ಇಟ್ಟಿರು, ಬೇಕಾದಾಗ ತರುತ್ತೇನೆ.

ಈ ಎಮ್ಮು ನನಗೆ ಮಾತ್ರ ಅಲ್ಲ, ಕ್ಲಾಸಿನಲ್ಲಿ ಯಾರಿಗೂ ಅರ್ಥ ಆಗಿರಲಿಲ್ಲ. ಸರ್ ಬೋರ್ಡ್ ತುಂಬ ಚಿತ್ರ ಬಿಡಿಸಿದರೂ ಆಗಲಿಲ್ಲ. ಆಗ ನೀನು ನನ್ನ ಕಿವಿಯಲ್ಲಿ ಹೇಳಿದ್ದು ಹಿಂದಿನ ಬೆಂಚಿನವರೆಗೂ ಕೇಳಿತು. "ಎಂತದ್ದೂ ಇಲ್ವೆ ಇದು. ಬಲೆ ಎಳೆದ ಮೇಲೆ ದಂಡೆಯ ಹೊಯಿಗೆಯಲ್ಲಿ ಆಯಿ ಮೂರು ರಾಶಿ ಮಾಡ್ತದೆ. ಈಗ್ಲೇ ಬೇಕಾದ್ದು ಬುಟ್ಟಿಗೆ. ಹೊಲಸಾದ್ದು ತೆಂಗಿನ ಬುಡಕ್ಕೆ. ಉಳಿದದ್ದು ಒಣಗ್ಸಿ ಅಟ್ಟಕ್ಕೆ, ಮಳೆಗಾಲ ಬಂದಾಗ ತೆಗೂದು. ಮಾಡ್ಯೂಲ್ ಅಂದ್ರೆ ಒಣಮೀನು ಮಾರಾಯ್ತಿ." ಎಲ್ಲರೂ ನಕ್ಕರು. ಸರ್ ನಗಲಿಲ್ಲ. ಬೋರ್ಡ್ ಒರೆಸಿ, ಇನ್ನು ಮೇಲೆ ನಾನೂ ಹೀಗೇ ಪಾಠ ಮಾಡುತ್ತೇನೆ ಎಂದರು. ಅವತ್ತಿನಿಂದ ಲ್ಯಾಬಿನಲ್ಲಿ ನಾನು ಪ್ರತಿ ಸಾಲಿನ ಹೆಲ್ಪ್ ಓದಿ ಅರ್ಥ ಹೇಳುವುದು, ನೀನು ರಾಶಿ ಹೇಳುವುದು. ಬುಟ್ಟಿ. ಅಟ್ಟ. ತೆಂಗಿನ ಬುಡ. ನಾನು ಅನುಮಾನಿಸುವಷ್ಟರಲ್ಲಿ ನೀನು ಮುಂದಿನ ಸಾಲಿಗೆ ಹೋಗಿರುತ್ತಿದ್ದೆ. ಕಂಪ್ಯೂಟರಿನ ಡಬ್ಬಿಯ ಮುಚ್ಚಳ ಬಿಚ್ಚಿ ಕಾರ್ಡುಗಳ ಮೇಲಿನ ನಂಬರು ಓದಿದ್ದೂ ನೀನೇ, ನನಗೆ ಶಾಕ್ ಹೊಡೆಯುವ ಭಯ.

ಅಷ್ಟರಲ್ಲಿ ನಿನ್ನ ಆಯಿ ಮಾದೇವಿಅಮ್ಮ ಹೊಯಿಗೆಗೆ ಇಳಿಯುವ ಪಾವಟಿಗೆಯ ಮೆಟ್ಟಿಲಲ್ಲಿ ಜಾರಿ ಕೈ ಮುರಿದುಕೊಂಡಳು. ನೀನು ಎರಡು ದಿನಕ್ಕೆಂದು ಚೀಲ ಹಾಕಿಕೊಂಡು ಹೋದವಳು ಬರಲೇ ಇಲ್ಲ.

ಈಗ ಒಬ್ಬಳೇ ಕೂತರೆ ನನ್ನ ಕೈ ಎನ್ ಮೇಲೇ ಹೋಗುತ್ತದೆ. ಹೆಲ್ಪಿನಲ್ಲಿ ಸಾಲುಸಾಲಿಗೆ ಅದನ್ನೇ ಬರೆದಿದ್ದಾರೆ, ಅನುಮಾನವಿದ್ದರೆ ಎನ್ ಒತ್ತು ಎಂದು. ನನಗೆ ಯಾವುದರಲ್ಲಿ ಅನುಮಾನ ಇಲ್ಲ ಹೇಳು? ಹ್ಯಾಮ್ ರೇಡಿಯೋ ಎಂದರೇನು? ಎನ್. ಇನ್‌ಫ್ರಾರೆಡ್? ಎನ್. ಒಂದು ದಿನ ಕೀಬೋರ್ಡಿನ ಸಾಲಿಗೂ ಎನ್ ಒತ್ತಿದಾಗ ಸರ್ ಹಿಂದಿನಿಂದ ನೋಡಿ, "ನೀತಾ, ಆಮೇಲೆ ಬಾಯಲ್ಲಿ ಹೇಳಿ ಟೈಪ್ ಮಾಡಿಸ್ತೀಯೇನಮ್ಮಾ?" ಎಂದರು. ಅಳು ಬಂತು. ನಗುವ ವಿಷಯವೇ ಅದು, ಗೊತ್ತು. ಆದರೂ ಬಂತು.

ಉತ್ತರಗಳೆಲ್ಲ ಮುಗಿದು, ಕರ್ನೆಲ್ ಕಟ್ಟಲು ಒಂದು ಸಲ ಬಿಲ್ಡ್ ಕೊಟ್ಟರೆ ಮಧ್ಯಾಹ್ನವೆಲ್ಲ ಹೋಗುತ್ತದೆ. ಪರದೆಯ ಮೇಲೆ ಸಾಲುಗಳು ಓಡುತ್ತಲೇ ಇರುತ್ತವೆ, ನಾನು ಎದುರಿಗೆ ಕೂತು ಕರೆಂಟ್ ಹೋಗದಿರಲಿ ಎಂದು ಬೇಡಿಕೊಳ್ಳುತ್ತಿರುತ್ತೇನೆ. ಎರಡು ಸಲ ಹೋಯಿತು. ಮೂರನೇ ಸಲ ಪೂರ್ತಿ ಆಯಿತು, ಎಬ್ಬಿಸಿದರೆ ಒಂದಿಷ್ಟು ಹೊತ್ತು ಚೆನ್ನಾಗಿಯೇ ಓಡಿ, ಡಿಸ್ಕೇ ಸಿಗುತ್ತಿಲ್ಲ, ಪ್ಯಾನಿಕ್ ಎಂದು ಬರೆದು ನಿಂತುಬಿಟ್ಟಿತು. ಡಿಸ್ಕ್ ಅಲ್ಲೇ ಇದೆ, ಕೈಯಿಟ್ಟರೆ ಬಿಸಿಯೂ ಇದೆ. ಯಾವ ಸಾಲು ಯಾವ ರಾಶಿಗೆ ಹೋಗಿ ಹೀಗಾಗಿದೆ ಎಂದು ನನಗೆ ತಿಳಿಯುತ್ತಿಲ್ಲ. ನೀನು ಬಂದು ಪಕ್ಕದಲ್ಲಿ ಕೂತರೆ ತಿಳಿಯುತ್ತದೆ.

ಇನ್ನೊಂದು ಮಾತು, ಇದನ್ನು ಓದದೆ ಮುಂದೆ ಹೋಗಬೇಡ. ಅಟೆಂಡೆನ್ಸ್. ೨೧ನೇ ತಾರೀಖು ಸೋಮವಾರದೊಳಗೆ ನೀನು ಬರದಿದ್ದರೆ ರಜಿಸ್ಟರಿನಿಂದ ಹೆಸರು ತೆಗೆಯುತ್ತಾರಂತೆ, ಪರೀಕ್ಷೆಗೆ ಕೂರುವ ಹಾಗಿಲ್ಲವಂತೆ. ಆಮೇಲೆ ಬರುವ ವರ್ಷ ಮತ್ತೆ ಮೊದಲಿನಿಂದ. ಬರುವ ವರ್ಷ ನೀನು ಬರುವುದಿಲ್ಲ ಎಂದು ನಿನಗೂ ಗೊತ್ತು, ನನಗೂ ಗೊತ್ತು. ಕಿಶನ್ ಸರ್ ಪ್ರಿನ್ಸಿಪಾಲರ ಹತ್ತಿರ ಮಾತಾಡಿದ್ದಾರೆ. ಆಯಿಯ ಕೈಗೆ ಪ್ಲಾಸ್ಟರ್ ಹಾಕಿದ ಡಾಕ್ಟರರ ಚೀಟಿ ಹಿಡಿದುಕೊಂಡು ಸೋಮವಾರ ಬಂದು ನಿಂತರೆ ಸಾಕು, ಉಳಿದದ್ದು ನನಗೆ ಬಿಡಿ ಎಂದರು.

ನೀನು ಯಾಕೆ ಬರಲಾರೆ ಎಂಬುದು ಬಸ್‌ಸ್ಟ್ಯಾಂಡಿನಲ್ಲಿ ನೀನು ಹೇಳುವವರೆಗೂ ನನಗೆ ತಿಳಿದಿರಲಿಲ್ಲ. ಅಡುಗೆ ಮಾಡುವುದಕ್ಕೆ, ಆಯಿಯನ್ನು ನೋಡಿಕೊಳ್ಳುವುದಕ್ಕೆ ನಿಂತಿದ್ದೀಯೆಂದು ತಿಳಿದಿದ್ದೆ. "ಅಡಿಗೆ ಅಪ್ಪನೂ ಮಾಡ್ತ. ಮನೆ ಯಾರು ಹಿಡೀತರೆ?" ಎಂದೆ ನೀನು. ಆಯಿ ಮೀನು ಕೊಡುವ ಅಂಕೋಲೆಯ ಮನೆಗಳು. ಅಜ್ಜಿಯ ಕಾಲದಿಂದ ಬಂದ ಮನೆಗಳು, ಕೆಲವು ದಿನ ಬಾಗಿಲಿಗೆ ಹೋಗದಿದ್ದರೆ ಇನ್ನೊಬ್ಬಳ ಬುಟ್ಟಿ ಅಲ್ಲಿ ಇಳಿಯುತ್ತದೆ, ಇಳಿದ ಬುಟ್ಟಿ ಮತ್ತೆ ಏಳುವುದಿಲ್ಲ ಎಂದೆ. ಬಸ್ಸಿನಲ್ಲಿ ಕಾರವಾರದವರೆಗೂ ಅದೇ ಯೋಚನೆ.

ಬೈಯಬೇಡ. ನಿನ್ನ ಬೀರಿಅತ್ತೆಯನ್ನು ನೋಡಲು ಶುಕ್ರವಾರ ಇಲ್ಲಿನ ಮೀನುಪೇಟೆಗೆ ಹೋಗಿದ್ದೆ. ಹಾಸ್ಟೆಲಿನ ಬಿಳಿ ಸಲ್ವಾರಿನಲ್ಲಿ ಹೋದದ್ದು ಮೊದಲ ತಪ್ಪು. ಸಾಲಿನಲ್ಲಿ ನಿಂತ ಕೂಡಲೇ ಬೀರಿಅತ್ತೆ, "ಬಂಗಡೆ ಬೇಕನೆ, ನೊಗಲಿ ಬೇಕನೆ?" ಎಂದಳು. ಮೀನು ಬೇಡ ಎಂದೆ. "ಮೀನು ಬೇಡದಿದ್ದವ್ರು ಮೀನುಪೇಟೆಗೆ ಎಂತ ಮಾಡೂಕೆ ಬಂದದ್ದು? ಫೋಟೋ ತೆಗೂಕಾ?" ಪಕ್ಕದ ಕಾಶಿ ಎಂಬವಳು, "ಇದು ಸರ್ಕಾರದ್ದು ಕಾಣ್ತದೆ, ಬೀರಿ ನಿನ್ನ ತಕ್ಕಡಿ ಅಡಗ್ಸು" ಎಂದಳು. ಸಾಲಿಗೆ ಸಾಲೇ ನಕ್ಕಿತು. ನಾನು ನಿನ್ನ ಹೆಸರು ಹೇಳಿದೆ. "ಓ, ಯೋಗಿತಾನ ರೂಮಿಂದಾ ನೀನು! ಹಲ್ಲಿ ಕಂಡ್ರೆ ಮಂಚ ಹತ್ತೂದು ನೀನೇ ಅಲ್ಲನೆ?" ಎಂದು ನನ್ನನ್ನು ಎಳೆದು ತನ್ನ ಮಣೆಯ ಮೇಲೆ ಕೂರಿಸಿದಳು. ಎಲ್ಲರಿಗೂ ನನ್ನ ಬಗ್ಗೆ ಎಷ್ಟೆಲ್ಲ ಹೇಳಿದ್ದೀಯೆ ನೀನು!

ವಿಷಯ ಹೇಳಿದೆ. ಆಯಿಯ ಕೈ ಸರಿಯಾಗುವವರೆಗೆ ಅಂಕೋಲೆಯ ಮನೆಗಳಿಗೆ ನೀವು ಹೋಗಬಹುದೇ ಎಂದು ಕೇಳಿದೆ. ಬೀರಿಅತ್ತೆ ಮೀನಿನ ಮೇಲೆ ನೀರು ಚಿಮುಕಿಸಿದಳು. ಆಮೇಲೆ, "ನಂಗೆ ಹೋಗೂಕೆ ಕಾಲು ನೋಯ್ತದ್ಯಾ? ಇಲ್ಲಿಯ ಜಾಗ ಕಾಶಿ ನೋಡ್ಕಳ್ತು. ಕರೆದ್ರೆ ನಾಳೇನೇ ಹೋಗ್ತೆ. ಆದ್ರೆ ಕರೀದೆ ಹೋದ್ರೆ? ಅತ್ತಿಗೆ ಕೈ ಮುರಿದದ್ದೇ ಸಮಯ ಅಂತ ಬೀರಿ ಮನೆ ಹೊಕ್ತು, ಅಂತಾರೆ ಜನ. ಒಬ್ಬಳ ಮನೆಗೆ ಇನ್ನೊಬ್ಬಳು ಬುಟ್ಟಿ ಇಳಿಸೂದಿಲ್ಲ ನಮ್ಮಲ್ಲಿ, ತಂಗಿ. ನಾನು ನಾದಿನಿ ಬೇರೆ. ನಾದಿನಿ ಮೇಲೆ ಸಂಶಯ ಬೇಗ ಬರ್ತದೆ" ಎಂದಳು.

ಹಾಗಾದರೆ ನಾನೇ ನಿಮ್ಮೂರು ಬೆಳಂಬಾರಕ್ಕೆ ಹೋಗಿ ಮಾದೇವಿಅಮ್ಮನಿಗೆ ಹೇಳುತ್ತೇನೆ ಎಂದೆ. "ನೀ ಯಾರೆ ಹೇಳೂಕೆ? ಅದು ಅವ್ರ ಮನೆಯಿಂದ್ಲೇ ಬರಬೇಕು. ಅತ್ತಿಗೆಯಾದ್ರೂ ಆಯ್ತು, ಆ ಹುಡುಗಿಯಾದ್ರೂ ಆಯ್ತು. ಒಂದು ಮಾತು. 'ಬೀರಿಅತ್ತೆ, ಬಾ.' ಅಷ್ಟೇ. ಅಷ್ಟು ಅಂದ್ರೆ ಕೈ ಸರಿಯಾದ ದಿನ ನಾನೇ ಬುಟ್ಟಿ ಹೊತ್ಕಂಡು ಅತ್ತಿಗೇನ ಮನೆಮನೆಗೆ ಕರ್ಕಂಡು ಹೋಗಿ, ತಕಳಿ ನಿಮ್ಮ ಮಾದೇವಿ ಬಂತು, ಅಂತ ಒಪ್ಪಿಸಿ ಬರ್ತೆ." ಹೊರಡುವಾಗ ಬೇಡವೆಂದರೂ ಬಂಗಡೆ ಕಟ್ಟಿಕೊಟ್ಟಳು. ಹಾಸ್ಟೆಲಿಗೆ ಮೀನು ಒಯ್ಯುವ ಹಾಗಿಲ್ಲವಲ್ಲ, ಬಸ್ ಹತ್ತಿ ಬಿಣಗಾಕ್ಕೆ ಹೋಗಿ, ಹಾಸ್ಟೆಲಿನಲ್ಲಿ ಮೊದಲು ಅಡುಗೆ ಮಾಡುತ್ತಿದ್ದ ಗಂಗೂಅಜ್ಜಿಗೆ ಕೊಟ್ಟೆ. ನನ್ನ ಬಟ್ಟೆಯ ವಾಸನೆ ನೋಡಿ ಅಜ್ಜಿ, "ಕಂಪ್ಯೂಟರಿಗೆ ಈಗ ಮೀನೂ ಹಾಕ್ತರ್ಯಾ?" ಎಂದಳು.

ಯೋಗಿತಾ, ನಿನಗೆ ಕೇಳುವುದು ಎಷ್ಟು ಕಷ್ಟ ಎಂದು ನನಗೆ ಗೊತ್ತು. ಯಾರ ಹತ್ತಿರವೂ ಒಂದು ಪೆನ್ನು ಕೇಳಿದವಳಲ್ಲ ನೀನು. ಆಯಿಯೂ ಹಾಗೇ ಇರಬೇಕು, ಇಲ್ಲದಿದ್ದರೆ ಇಷ್ಟು ದಿನ ನಾದಿನಿಯನ್ನು ಕರೆಯದೆ ಇರುತ್ತಿರಲಿಲ್ಲ. ನೀವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ಸುಮ್ಮನೆ ಕೂತಿದ್ದೀರಿ, ಅಲ್ಲಿ ಬೀರಿಅತ್ತೆ ಕರೆಗೆ ಕಾಯುತ್ತ ಸುಮ್ಮನೆ ಕೂತಿದ್ದಾಳೆ. ನನಗೆ ನಿಮ್ಮ ಪದ್ಧತಿ ಗೊತ್ತಿಲ್ಲ, ಅದರಲ್ಲಿ ಬಾಯಿ ಹಾಕುವ ಹಕ್ಕೂ ಇಲ್ಲ. ಆದರೆ ದಿನ ಕಡಿಮೆ ಇದೆ.

ನಿನ್ನ ಮಂಚಕ್ಕೆ ಸುಮಲತಾ ಎಂಬ ಹೊಸ ಹುಡುಗಿಯನ್ನು ಹಾಕಲು ವಾರ್ಡನ್ ಬಂದಿದ್ದರು. ನೀನು ಮುಂದಿನ ವಾರ ಬರುತ್ತೀಯೆಂದು, ಫೋನಿನಲ್ಲಿ ನೀನೇ ಹೇಳಿದ್ದೀಯೆಂದು ಹೇಳಿ ಕಳಿಸಿದೆ. ನೀನು ಹೇಳುವ ಆ ಉಳಿದರ್ಧಕ್ಕೆ ಇನ್ನೊಂದು ಸುಳ್ಳು ಸೇರಿತು.

ಇಷ್ಟು ಬರೆಯುವಷ್ಟರಲ್ಲಿ ಕೈ ಸೋತಿದೆ. ಮಾದೇವಿಅಮ್ಮನಿಗೆ ನನ್ನ ನಮಸ್ಕಾರ ಹೇಳು. ಅವರ ಕೈ ಈಗ ಹೇಗಿದೆ ಎಂದು ಮೊದಲೇ ಕೇಳಬೇಕಿತ್ತು, ಕಡೆಗೆ ಕೇಳುತ್ತಿದ್ದೇನೆ. ಅದಕ್ಕೂ ಸಾರಿ.

ನಿನ್ನ ಲ್ಯಾಬ್ ಪಾರ್ಟ್ನರ್,
ನೀತಾ

ತಾ.ಕ.: ಕವರಿಗೆ ಅಂಟು ಹಚ್ಚುವ ಮುಂಚೆ ಪತ್ರ ಓದಿದೆ. ವಾರ್ಡನ್‌ಗೆ ಹೇಳಿದ ಸುಳ್ಳು ನಿನಗೆ ತಿಳಿಸಿದ್ದೇನೆ, ನಿನಗೆ ಹೇಳಿದ ಸುಳ್ಳು ಹಾಗೇ ಬಿಟ್ಟಿದ್ದೇನೆ. ಮಶೀನು ಗುರುವಾರವೇ ಎದ್ದಿತು. ಡಿಸ್ಕಿನ ಸಾಲನ್ನೂ ನಾವು ಅಟ್ಟಕ್ಕೆ ಹಾಕಿದ್ದೆವು, ಎಮ್. ಆ ಮಾಡ್ಯೂಲು ಇರುವುದು ಡಿಸ್ಕಿನ ಒಳಗೇ. ಡಿಸ್ಕನ್ನೇ ಓದಲು ಬಾರದ ಕರ್ನೆಲ್ಲು ಅದನ್ನು ಹೇಗೆ ತಂದೀತು? ವೈ ಮಾಡಿ ಮತ್ತೆ ಬಿಲ್ಡ್ ಮಾಡಿದೆ. ಕರೆಂಟೂ ಹೋಗಲಿಲ್ಲ. ಮಶೀನು ಲಾಗಿನ್ ಹೆಸರು ಕೇಳಿದಾಗ ಲ್ಯಾಬಿನಲ್ಲಿ ನಾನು, ಸರ್ ಇಬ್ಬರೇ ಇದ್ದೆವು. ಸರ್ ಚಪ್ಪಾಳೆ ತಟ್ಟಿದರು. ನಾನು ಹೆಸರು ಟೈಪ್ ಮಾಡದೆ ಆಫ್ ಮಾಡಿ ರೂಮಿಗೆ ಬಂದೆ. ಮಶೀನಿಗೆ ನೀನು ಬೇಕಾಗಿಲ್ಲ ಯೋಗಿತಾ, ನನಗೆ ಬೇಕು. ಬೀರಿಅತ್ತೆಯನ್ನು ಕರೆಯುತ್ತೀಯೋ ಇಲ್ಲವೋ, ಒಂದೇ ಸಾಲಾದರೂ ಸರಿ, ಬೇಗ ಉತ್ತರ ಬರೆ.